ಮುನ್ನೂರ ಹನ್ನೆರಡು ತ್ರಿಕೋನ

ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೆಲ್ಲ ಖನಿಜದ ಹೆಸರು:
ಆಕ್ಸೈಡ್, ಕೋಬಾಲ್ಟ್, ಬ್ರೋಮೈಡ್.
ನಮ್ಮ ಸರ್ವೆ ಆಫೀಸು ಕ್ರಿಸ್ಟಲ್ ಬೀದಿಯಲ್ಲಿ.
ಕಿಟಕಿಯಾಚೆ ಗಣಿ ಉಗುಳಿದ ಗುಡ್ಡ, ಅದರಾಚೆ ಕೆಂಪು ಬಯಲು.
ಇರುವುದೆಲ್ಲ ಕೆಳಗೆ.

ಕೆಳಗಿರುವುದೂ ಇಲ್ಲದ್ದೇ:
ಬೆಳ್ಳಿ ಸೀಸ ಬಗೆದು ತೆಗೆದ ಪೊಳ್ಳು.
ಲೇಸರು ಇಳಿಬಿಟ್ಟು, ಗೋಡೆ ಗೋಡೆ ಸವರಿಸಿ,
ಮೇಲಕ್ಕೆ ತಂದಿದ್ದೇವೆ
ನಲವತ್ತು ಲಕ್ಷ ತ್ರಿಕೋನಗಳ ಒಂದು ಬಲೆ,
ಮೀನಿಲ್ಲದ್ದು, ನೀರೂ ಇಲ್ಲದ್ದು.

ನನಗೆ ಬರುವುದು ಪೈಥಾನ್ ಒಂದೇ.
ಒಳ್ಳೆಯ ಭಾಷೆ. ಹೇಳಿದ್ದನ್ನು ಕೇಳುತ್ತದೆ,
ಆದರೆ ಬಾಗಿಲಿಗೆ ಬಂದ ಒಂದೊಂದು ಅಂಕಿಯನ್ನೂ
ಯಾರು ನೀನು, ಸಂಖ್ಯೆಯೋ ಅಕ್ಷರವೋ,
ವಿಚಾರಿಸಿಯೇ ಒಳಗೆ ಬಿಡುತ್ತದೆ.
ಮೊದಲ ದಿನ ಲೂಪ್ ಬರೆದೆ:
ಒಂದು ತ್ರಿಕೋನ ತೆಗೆ, ಕಾರ್ಡಿಗೆ ಕೊಡು, ವಾಪಸು ಬಾ,
ಇನ್ನೊಂದು ತೆಗೆ.
ಕಣಜದ ರಾಗಿಯನ್ನು ಕಾಳು ಕಾಳಾಗಿ
ಗಿರಣಿಗೆ ಹೊತ್ತ ಹಾಗೆ.
ಒಂದು ಚಿತ್ರ ಮೂಡುವುದರೊಳಗೆ
ಚಹಾ ಕುದಿಸಿ, ಸೋಸಿ, ಕುಡಿದು,
ಲೋಟ ತೊಳೆದಿಟ್ಟು ಬಂದೆ.

‘ಒಂದೊಂದು ಕಲ್ಲಿಗೂ ಯಾರಾದರೂ ಲಿಫ್ಟ್ ಎಳೆಯುತ್ತಾರಾ?’
ಎಂದಳು ಲಿನೆಟ್ ಪಾಸ್ಕೋ, ಸ್ಫೋಟದ ಪಾಳಿಯವಳು,
ಕೋಡೆಂದರೆ ಬಾಗಿಲ ಬೀಗದ್ದೆಂದುಕೊಂಡವಳು.

ಲೂಪ್ ಅಳಿಸಿದೆ.
ಅಂಕಿಗಳನ್ನೆಲ್ಲ ಒಂದೇ ಉದ್ದ ಸಾಲಿಗೆ ಕೂರಿಸಿದೆ,
ಪಂಕ್ತಿ ಊಟದ ಹಾಗೆ, ನಡುವೆ ಎಲೆ ಬಿಡದೆ.
ಒಂದು ಕೋಟಿ ಇಪ್ಪತ್ತು ಲಕ್ಷ ಮೂಲೆ.
ನೋಡಿದರೆ ಅವೇ ಮುಖಗಳು!
ಒಂದೊಂದು ಮೂಲೆಗೂ ಆರಾರು ಮನೆಯ ನೆಂಟಸ್ತಿಕೆ,
ಉಂಡೆದ್ದದ್ದೇ ಮತ್ತೆ ಎಲೆ ಹಾಕಿಸಿಕೊಂಡು ಕೂತಿದೆ.
ಒಮ್ಮೆ ಬರೆದಿಟ್ಟೆ, ಆಮೇಲೆ ಬರೀ ನಂಬರು ಕೂಗಿದೆ.
ಇಪ್ಪತ್ತು ಲಕ್ಷಕ್ಕಿಳಿಯಿತು.

ಬೆನ್ನು ತೋರಿಸುವ ತ್ರಿಕೋನ ಬರೆಯಬೇಡ, ಎಂದೆ ಕಾರ್ಡಿಗೆ.
ಪೊಳ್ಳಿಗೆ ಇರುವುದು ಒಳಮುಖವೊಂದೇ ತಾನೆ,
ಹೊರಗೆ ನಿಂತು ನೋಡಿದರೆ
ಎದುರಿನ ಬಂಡೆ ಕರಗಿ ಆಚೆಯ ಗೋಡೆ ಕಂಡಿತು,
ಕದ ತಟ್ಟುವ ಮೊದಲೇ ನಡುಮನೆ ಕಂಡ ಹಾಗೆ.
ಯಾಕೋ ಮುಜುಗರವಾಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು.
ಉಬ್ಬು ತಗ್ಗು ಸವರಿ, ಮೊಂಡು ಮಾಡಿ,
ನಲವತ್ತನ್ನು ನಾಲ್ಕು ಲಕ್ಷ ಮಾಡಿದೆ.
ಸೆಕೆಂಡಿಗೆ ಅರವತ್ತು ಚಿತ್ರ!
ಮೌಸ್ ಅಲುಗಿಸಿದರೆ ಸಾಕು
ನೂರು ವರ್ಷದ ಗಣಿ ಬುಗುರಿಯಂತೆ ತಿರುಗಿತು.

ಗುರುವಾರ ಕ್ಲೆಮ್ ಟ್ರೆಂಬಾತ್ ಬಂದ, ಎಂಬತ್ತಾರು,
ಬಲಗಿವಿ ಗಣಿಗೇ ಕೊಟ್ಟವ.
ಯಾವೂರು ನಿನ್ನದು? ಕೋಲಾರದ ಕಡೆ, ಎಂದೆ.
‘ಚಾಂಪಿಯನ್ ರೀಫ್?’
ಪಕ್ಕದ ಬೀದಿ ವಿಚಾರಿಸುವಂತೆ ಕೇಳಿದ.
ಆಮೇಲೆ ಪರದೆಯನ್ನೇ ನೋಡುತ್ತ ಕೂತ, ತುಂಬ ಹೊತ್ತು.
ಉಗುರಿನಿಂದ ಗಾಜು ಕುಟ್ಟಿದ.
‘ಇಲ್ಲೊಂದು ಗೂಡಿತ್ತು.’

ಹದಿನೇಳನೆಯ ಮಟ್ಟ, ಎಡಕ್ಕೆ.
ಮೂವರು ಬುತ್ತಿ ಬಿಚ್ಚುತ್ತಿದ್ದ ಜಾಗ.
ಕೂರುವ ಕಟ್ಟೆಯನ್ನು ಅವನೇ ಉಳಿ ಹಿಡಿದು ಕೊರೆದದ್ದು, ಕೊಂಚ ಎತ್ತರಕ್ಕೆ,
ಡೆಸ್ಮಂಡನ ಮೊಣಕಾಲು ಮಡಚುತ್ತಿರಲಿಲ್ಲ.

ಲೇಸರಿನದು ತಪ್ಪಿಲ್ಲ.
ಹಳೆಯ ಫೈಲು ತೆರೆದೆ: ಇತ್ತು, ಕಟ್ಟೆಯ ಸಮೇತ.
ಎಣಿಸಿದೆ. ಮುನ್ನೂರ ಹನ್ನೆರಡು ತ್ರಿಕೋನ.
ನನ್ನ ಲೆಕ್ಕಕ್ಕೆ ಅದು ಗೋಡೆಯ ಒರಟು.
ಅಂಚಿಗೆ ಅಂಚು ಕೂಡಿಸಿ ವಾಪಸು ಹೊಲಿದೆ,
ಅವನು ಪಕ್ಕದಲ್ಲೇ ಉಸಿರಾಡುತ್ತಿದ್ದ.
ಓಡಿಸಿದೆ.
ಸೆಕೆಂಡಿಗೆ ಅರವತ್ತು. ಒಂದೂ ಕಡಿಮೆಯಾಗಲಿಲ್ಲ.

‘ಇಷ್ಟು ಬೆಳಕಿರಲಿಲ್ಲ ಅಲ್ಲಿ,’ ಎಂದ.

ಬೆಳಕಿನ ಸಾಲು ಹುಡುಕಿದೆ. ಸೊನ್ನೆ ಬಿಂದು ಎಂಟು.
ನಾಲ್ಕು ಮಾಡಿದೆ. ತಲೆಯಾಡಿಸಿದ.
ಒಂದು ಮಾಡಿದೆ.
‘ಇನ್ನೂ.’
ಪರದೆ ಪೂರ್ತಿ ಕಪ್ಪಾಯಿತು, ಮೂಲೆಯಲ್ಲಿ ಅರವತ್ತು
ಅರವತ್ತಾಗಿಯೇ ಉಳಿಯಿತು.
‘ಹಾಂ,’ ಎಂದ ಕ್ಲೆಮ್,
ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡ.