ಹುಲಿಗೆ ಎಷ್ಟು ಚೌಕ?

ಮೊದಲು ಬೆಂಕಿಪೊಟ್ಟಣ.
ಮೊಯ್ದು ಕಾಕನ ಅಂಗಡಿಯಿಂದ ಮೂರು ತಿಂಗಳು ಕೂಡಿಟ್ಟದ್ದು,
ಗೋಣಿಚೀಲದ ಕಾಲು ಭಾಗ.
ಆಮೇಲೆ ಗೊಬ್ಬರದ ಕಂಪನಿಯ ಹಳೇ ಕ್ಯಾಲೆಂಡರು,
ಅದರ ಬೆನ್ನ ಬಿಳುಪಿಗೆ ನಾನೇ ಎಳೆದ ಗೆರೆ,
ಅಡ್ಡಕ್ಕೆ, ಉದ್ದಕ್ಕೆ.

ಬಾಳೆಲೆ ದಾಟಿ ಬಸ್ಸು ತಿರುಗುವಲ್ಲಿ ನಮ್ಮ ಶಾಲೆ.
ಒಂದರಿಂದ ಮೂರು, ಒಂದೇ ಕೋಣೆ, ಹದಿನಾಲ್ಕು ಜನ.
ಮನೆಯಲ್ಲಿ ಆಡುವ ಮಾತು ಐದು ಥರ,
ಎಣಿಸುವಾಗ ಮಾತ್ರ ಎಲ್ಲರ ಬೆರಳೂ ಹತ್ತೇ.

ಸೋಮವಾರ ಹೇಳಿದೆ:
ಬರುವ ದಾರಿಯಲ್ಲಿ ಈ ವಾರ ಯಾರ್ಯಾರು ಸಿಗುತ್ತಾರೆ,
ನೋಡಿ, ನೆನಪಿಟ್ಟು, ಬಂದು ಗೀಟು ಹಾಕಿ.
ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯಬೇಕು
ಎಂದು ಬೋರ್ಡಿನ ಮೇಲೆ ತೋರಿಸುವಷ್ಟರಲ್ಲಿ
ಬೊಳ್ಳಿ ಅಂದಳು, ಅದು ಸೌದೆ ಕಟ್ಟೋದಲ್ವಾ ಟೀಚರ್.
ಹೌದಲ್ಲ.
ಇಪ್ಪತ್ತು ವರ್ಷ ಪಾಠ ಮಾಡಿಯೂ ನನಗೆ ಹೊಳೆಯದ ಹೊರೆ.

ಶುಕ್ರವಾರ ಹೊರೆ ಬಿಚ್ಚಿ ಕೂಡಿಸಿದೆವು.
ಮಂಗ ಹನ್ನೊಂದು. ನವಿಲು ಒಂಬತ್ತು.
ಆನೆ ನಾಲ್ಕು, ಅದರಲ್ಲೊಂದು ಬರೀ ಲದ್ದಿ,
ಇನ್ನೂ ಬಿಸಿ ಇತ್ತೆಂದು ಇಬ್ಬರು ಸಾಕ್ಷಿ ನುಡಿದದ್ದಕ್ಕೆ ಒಪ್ಪಿದ್ದು.
ಕೆಂಚಳಿಲು ಎರಡು.
ಹುಲಿ,
ಹುಲಿಯನ್ನು ಯಾರೂ ನೋಡಿಲ್ಲ.

ಪೊಟ್ಟಣದ ಮೇಲೆ ಪೊಟ್ಟಣ. ಮಂಗನ ಗೋಪುರ
ಎಂಟಕ್ಕೆ ಓಲಾಡಿ, ಒಂಬತ್ತಕ್ಕೆ ನಗಿಸಿ, ಹತ್ತಕ್ಕೆ ಬಿತ್ತು.
ಹಾಗಾಗಿ ಕಾಗದ, ಪೆನ್ಸಿಲು.

ಚುಬ್ರನ ಆನೆಯ ಚೌಕ ಅಂಗೈಯಗಲ.
ಎಲ್ಲ ಚೌಕವೂ ಒಂದೇ ಅಳತೆ ಇರಬೇಕು ಕಣೋ, ಅಂದೆ.
ಆನೆ ದೊಡ್ಡದು, ಅಂದ.
ಈ ಕಾಗದದಲ್ಲಿ ಆನೆಗೂ ಅಳಿಲಿಗೂ ಒಂದೊಂದೇ ಮನೆ, ಅಂದೆ.
ರಬ್ಬರು ಹಿಡಿದು ಸುಮ್ಮನೆ ಕೂತ.
ಹೋದ ತಿಂಗಳು ಅವನ ಲೈನ್ ಮನೆಯ ಗೋಡೆ ಕೆಡವಿ
ಅಕ್ಕಿಯ ಡಬ್ಬ ಬರಿದು ಮಾಡಿ ಹೋದ ಆನೆ ಅದು.
ಆದರೂ ಅಳಿಸಿದ. ಪೂರ್ತಿ ಅಳಿಯಲಿಲ್ಲ,
ಸಣ್ಣ ಆನೆಯ ಸುತ್ತ ದೊಡ್ಡ ಆನೆಯ ಮಸುಕು ಉಳಿಯಿತು.

ದೇಚಮ್ಮನ ಕಂಬ ಗಾಳಿಯಲ್ಲಿ ತೇಲಿತ್ತು.
ಕಂಬ ನೆಲದಿಂದಲೇ ಏಳಬೇಕು ಮಗಾ.
ನವಿಲು ಮರದ ಮೇಲಿತ್ತಲ್ಲ ಟೀಚರ್.

ಯಾವುದು ಹೆಚ್ಚು? ಯಾವುದು ಕಡಿಮೆ?
ಮಂಗಕ್ಕಿಂತ ನವಿಲು ಎಷ್ಟು ಕೆಳಗೆ?
ಎರಡು, ಎರಡು, ಎಂದು ಇಡೀ ಕೋಣೆ.
ಮತ್ತೆ ಹುಲಿ?
ಸೊನ್ನೆಯೆಂದರೆ ಜಾಗ ಖಾಲಿ ಬಿಟ್ಟು
ಹೆಸರನ್ನು ಮಾತ್ರ ಕೆಳಗೆ ಬರೆಯುವುದು, ಅಂದೆ.
ಹುಡುಕಿದೆವು, ಕಾಣಲಿಲ್ಲ, ಅದೂ ಒಂದು ಲೆಕ್ಕ.
ಎಲ್ಲರೂ ತಲೆಯಾಡಿಸಿದರು.
ಜಾಜಿ ಆಡಿಸಲಿಲ್ಲ.
ಹಾಡಿಯಿಂದ ಬರುವವಳು, ಜೂನಿನಿಂದ ನನ್ನೊಡನೆ ಆಡಿದ್ದು
ಹೂಂ, ಊಹೂಂ, ಇಷ್ಟೇ.
ನಾವು ಹುಲೀನ ನೋಡಿಲ್ಲ, ಅಂದಳು.
ಹುಲಿ ನಮ್ಮನ್ನ ಎಷ್ಟು ಸಲ ನೋಡಿತು?
ಅದನ್ನ ಎಲ್ಲಿ ಬರೆಯೋದು?

ಶಿಕ್ಷಕರ ಕೈಪಿಡಿಯಲ್ಲಿ ಪಾಠದ ಕೊನೆಗೆ
ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಿದೆ.
ಇದು ಅದರಲ್ಲಿಲ್ಲ.
ನನಗೆ ಗೊತ್ತಿಲ್ಲ, ಅಂದೆ.
ಅವಳಿಗೆ ಅಷ್ಟು ಸಾಕಾಯಿತೇನೋ,
ಹುಲಿ ಎಂಬ ಹೆಸರಿನ ಮೇಲೆ ಎರಡು ಚುಕ್ಕಿಗೆರೆ
ಮಂಗನನ್ನೂ ದಾಟಿ, ಕಾಗದ ಮುಗಿಯುವ ತನಕ ಎಳೆದಳು.
ಒಳಗೆ ಬಣ್ಣ ತುಂಬಲಿಲ್ಲ.
ಅಳಿಸು ಎನ್ನಲಿಲ್ಲ ನಾನು.

ನಾಲ್ಕೂವರೆಗೆ ಅರಣ್ಯ ಇಲಾಖೆಯ ಜೀಪು.
ಜೀಪು ಮುಂದೆ, ಮಕ್ಕಳು ಹಿಂದೆ,
ಒಬ್ಬರ ಚೀಲ ಇನ್ನೊಬ್ಬರು ಹಿಡಿದು.
ಕಾಫಿ ಗಿಡಗಳ ನಡುವೆ ಮಣ್ಣುದಾರಿಯಲ್ಲಿ
ಮಲಗಿಸಿದ ಒಂದು ಕಂಬ, ಹದಿನಾಲ್ಕು ಚೌಕ ಉದ್ದ,
ಒಂದೂ ಇನ್ನೊಂದರ ಅಳತೆಯದಲ್ಲ.

ಗೇಟಿಗೆ ಬೀಗ ಹಾಕುತ್ತಾ ಎಣಿಸಿದೆ.
ತಿರುವಿನಲ್ಲಿ ಮರೆಯಾಗುವ ಮುಂಚೆ ಇನ್ನೊಮ್ಮೆ.