ಮೊದಲ ಕೆಮ್ಮು

ಋಷಿಮೂಲ, ನದಿಮೂಲ ಕೇಳಬಾರದು ಅನ್ನುತ್ತಾರೆ.
ಇಂಜಿನ್ನಿನ ಮೂಲ?
ಕೇಳಲೇಬೇಕು ಅಂತಿದ್ದರೆ ಹಿಲ್ಕಾಳನ್ನು ಕೇಳಿ.

ಫಿನ್ಲೆಂಡಿನ ಒಂದು ಕೆರೆಯಂಚು.
ಚಳಿಗಾಲದಲ್ಲಿ ನೀರು ಕಲ್ಲಾಗಿ
ಮಕ್ಕಳು ಅದರ ಮೇಲೆ ಸೈಕಲ್ ಹೊಡೆಯುವ ಊರು.
ಕಾರ್ಖಾನೆಯ ನಾಲ್ಕನೆಯ ಶೆಡ್ಡು, ಪರೀಕ್ಷೆಯ ಕೋಣೆ.
ಗಾಜಿನಾಚೆ ಕಬ್ಬಿಣ, ಈಚೆ ಅವಳು,
ನಡುವೆ ಮೂವತ್ತೊಂದು ವರ್ಷ.

ಬ್ಲಾಕು ಎರಕಗೊಂಡದ್ದು ಎಲ್ಲೋ ದಕ್ಷಿಣದಲ್ಲಿ,
ಪಿಸ್ಟನ್ನು ಬಂದದ್ದು ಹಡಗಿನಲ್ಲಿ,
ತಿರುಪಿನ ಪೆಟ್ಟಿಗೆಯ ಮೇಲೆ
ಅವಳಿಗೆ ಓದಲು ಬಾರದ ಯಾವುದೋ ಲಿಪಿ.
ಎಲ್ಲವೂ ಒಂದರೊಳಗೊಂದು ಕೂತು, ಎಣ್ಣೆ ಕುಡಿದು,
ಬೂದಿಬಣ್ಣದ ಬರಿಮೈಯಲ್ಲಿ
ಅವಳ ಬೆಂಚಿಗೆ ಏರುತ್ತವೆ.

ಕಿವಿ ಮುಚ್ಚಿಕೊಂಡಿರಬೇಕೆಂದು ನಿಯಮ.
ಹಿಲ್ಕಾ ಎಡಗಿವಿಯ ಕವಚವನ್ನು ಬೆರಳಷ್ಟು ಸರಿಸುತ್ತಾಳೆ,
ಮೊದಲ ಕೆಮ್ಮಿಗೆ ಮಾತ್ರ.
ಡಯಲ್ಲಿನ ಮುಳ್ಳು ಏಳುವ ಮೊದಲೇ ಗೊತ್ತು:
ಇದಕ್ಕೆ ಮೂರನೆಯ ಸಿಲಿಂಡರಿನಲ್ಲಿ ಉಬ್ಬಸ,
ಇದು ಹಟಮಾರಿ,
ಇದು ಬೆಣ್ಣೆ.
ಆಮೇಲೆ ಫಲಕಕ್ಕೆ ಅಂಕಿ ಕುಟ್ಟುವುದು,
ಮರದ ಪೀಠಕ್ಕೆ ಬಿಗಿಯುವುದು, ಮುಗಿಯಿತು.
ಸೂಲಗಿತ್ತಿಯನ್ನು ನಾಮಕರಣಕ್ಕೆ ಯಾರು ಕರೆದಾರು?
ಒಂದು ಲಾರಿ ಎಡಕ್ಕೆ, ಕೆಂಪು ಬಳಿಯುವವರಲ್ಲಿಗೆ;
ಇನ್ನೊಂದು ಬಂದರಿಗೆ, ಹಳದಿಯವರ ದೇಶಕ್ಕೆ.

ಜುಲೈ ರಜೆಗೆ ತಂಗಿಯ ಮನೆ.
ಬಾರ್ಲಿಯ ಬಯಲು, ರಾತ್ರಿ ಹತ್ತಕ್ಕೂ ಇಳಿಯದ ಬಿಸಿಲು.
ತಂಗಿಯ ಗಂಡ ಓಸ್ಮೊ, ಕೆಂಪಿನವ.
ಬೇಲಿಯಾಚೆ ತೌನೊ, ಹಳದಿಯವ.
ಇಬ್ಬರದೂ ಇಪ್ಪತ್ತು ವರ್ಷದ ವ್ಯಾಜ್ಯ:
'ನಿನ್ನದು ಬಣ್ಣ ಬಳಿದ ಹಾಲಿನ ಕ್ಯಾನು.'
'ನಿನ್ನದು ಚಳಿಗೆ ಏಳುವುದಿಲ್ಲ, ಯಜಮಾನನ ಹಾಗೇ.'
ಸೌನಾದ ಮೆಟ್ಟಿಲ ಮೇಲೂ ಅದೇ ಮಾತು.
ತೌನೊನ ತಾಯಿಯನ್ನು ಮಣ್ಣುಮಾಡಿ ಬಂದು
ಕಾಫಿ ಕುಡಿಯುವಾಗಲೂ, ದನಿ ತಗ್ಗಿಸಿ, ಅದೇ.

ಒಂದು ಸಂಜೆ ಟ್ರೇಲರ್ ಕೇಳಲು ಬಂತು ಹಳದಿ.
ಹಿಲ್ಕಾ ಎಳೆ ಆಲೂಗೆಡ್ಡೆಯ ಸಿಪ್ಪೆ ಕೆರೆಯುತ್ತಿದ್ದಳು,
ಚಾಕು ನಿಂತಿತು.
ಗದ್ದಲದ ಸಂತೆಯಲ್ಲಿ
ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದ ಹಾಗೆ.
ಎದ್ದಳು. ಬಾನೆಟ್ಟು ಎತ್ತಿಸಿದಳು.
ಅಂಗಿಯ ತುದಿಯಿಂದಲೇ ಜಿಡ್ಡು ಒರೆಸಿ ಫಲಕ ಓದಿದಳು.
ಓಸ್ಮೊನ ಕೊಟ್ಟಿಗೆಗೆ ಹೋಗಿ ಕೆಂಪಿನದನ್ನೂ.

ನಡುವೆ ಹನ್ನೊಂದೇ ಅಂಕಿ.
'ಎರಡೂ ನನ್ನ ಬೆಂಚಿನವು,' ಅಂದಳು,
'ಒಂದೇ ಗುರುವಾರ.
ಕ್ಯಾಂಟೀನಿನಲ್ಲಿ ಬಟಾಣಿ ಸಾರು ಸೀದು ಹೋದ ದಿನ.'

ಸೊಳ್ಳೆಯೊಂದು ಇಬ್ಬರ ನಡುವೆ ಓಡಾಡಿತು.
ತೌನೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ.
ಒಡಹುಟ್ಟು ಅಂದ ಮೇಲೆ ಅಪ್ಪಿಕೊಳ್ಳುತ್ತಾರೇನೋ ಅಂತ
ತಂಗಿ ಕಿಟಕಿಯಲ್ಲಿ ಕಾದು ನಿಂತಿದ್ದಳು.

'ಯಾವುದು ಮೊದಲು?' ಓಸ್ಮೊ ಕೇಳಿದ.
'ಹಳದಿ.'
ತೌನೊ ಒಂದು ಗೇಣು ಎತ್ತರವಾದ.
'ಸರಿ ಬಿಡು,' ಅಂದ ಓಸ್ಮೊ,
'ನಿನ್ನದರ ಮೇಲೆ ಕೈ ಪಳಗಿಸಿಕೊಂಡು
ಆಮೇಲೆ ನನ್ನದನ್ನು ಕಟ್ಟಿದ್ದಾರೆ.'
ಇನ್ನಿಪ್ಪತ್ತು ವರ್ಷಕ್ಕೆ ಸಾಕಾಗುವಷ್ಟು ಮೇವು.

ಹಿಲ್ಕಾ ಆಲೂಗೆಡ್ಡೆಗೆ ಮರಳಿದಳು.
ನೀರಿನಲ್ಲಿ ತೆಳು ಸಿಪ್ಪೆ ತೇಲುತ್ತಿತ್ತು.
ಒಂದನ್ನು ಮಾತ್ರ ಹೇಳಲಿಲ್ಲ ಅವಳು:
ಆ ಗುರುವಾರ, ಆ ಎರಡರಲ್ಲಿ ಒಂದು
ಮೂರು ಸಲ ಕೀಲಿ ತಿರುವಿದರೂ ಏಳಲಿಲ್ಲ.
ನಾಲ್ಕನೆಯ ಸಲಕ್ಕೆ
ಗಾಜಿಗೆ ಹಣೆ ಒತ್ತಿ, ಯಾರಿಗೂ ಕೇಳದಂತೆ,
'ಏಳು ಮರಿ' ಅಂದಿದ್ದಳು.
ಯಾವುದೆಂದು
ಈಗಲೂ ಹೇಳುವುದಿಲ್ಲ.