ಚುಕ್ಕಿ ಉದುರಿದ ಹೆಸರು

ಆಟದ ಸಾಮಾನಿನ ಕೋಣೆಯಲ್ಲಿ,
ಗಾಳಿ ಹೋದ ಚೆಂಡುಗಳ ಅಡಿಯಲ್ಲಿ
ಸಿಕ್ಕಿತು ಈ ಕಪ್ಪು.
ಕಪ್ಪು ಅಂದರೆ ಗೆದ್ದ ಬಟ್ಟಲೂ ಹೌದು, ಬಣ್ಣವೂ ಹೌದು;
ಬೀದರದಲ್ಲಿ ಎರಡೂ ಒಂದೇ.

ಹೊಟ್ಟೆಯ ಮೇಲೆ ಬೆಳ್ಳಿ ಬಳ್ಳಿ,
ಬಳ್ಳಿಯ ನಡುವೆ ಚೆಂಡೊದೆಯುವ ಒಂದು ಬರಿಗಾಲು,
ಕೆಳಗೆ ಉರ್ದುವಿನಲ್ಲಿ ಒಂದೂವರೆ ಸಾಲು.
ನಾನು ಡ್ರಿಲ್ ಮಾಸ್ತರ, ಆ ಲಿಪಿ ನನಗೆ ಬಾರದು.
ಟವೆಲಿನಲ್ಲಿ ಸುತ್ತಿ, ಚೌಬಾರಾದ ಹಿಂದಿನ ಓಣಿಗೆ ಒಯ್ದು
ಮುನೀರೋದ್ದೀನ್ ಉಸ್ತಾದರ ಮುಂದಿಟ್ಟೆ.

ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಓದಿದರು:
"ಲಡಾಯಿಗೆ ಹೋದ ನಮ್ಮ ಕಪ್ತಾನ, ಲೆಫ್ಟನಂಟ್...
ಮುಂದ ಹೆಸರೈತ್ರಿ ಮಾಸ್ತರ,
ಆದ್ರ ಚುಕ್ಕಿ ಉದುರ್ಯಾವ."

ಕುಳಿ ನೋಡಿ ಹೇಳಬಾರದೇ ಅಂದೆ.
ಕುಳಿ ಒಂದೇ, ಎರಡೇ?
ಎಂಬತ್ತು ವರ್ಷ ಪಂಪು, ಶಾಟ್‌ಪುಟ್ ಗುಂಡು
ಬಿದ್ದು ಬಿದ್ದು ಮೈಯೆಲ್ಲ ಸಿಡುಬು.
ಉಳಿದದ್ದು ಎರಡು ಹಲ್ಲು, ಒಂದು ಗೂಟ, ಒಂದು ಬಾಲ.
ಹಲ್ಲಿನ ಕೆಳಗೊಂದು ಚುಕ್ಕಿಯಿಟ್ಟರೆ ಬ, ಮೂರಿಟ್ಟರೆ ಪ,
ಮೇಲೆರಡು ತ, ಮೇಲೊಂದೇ ಆದರೆ ನ.
ಬಾಬು, ಬಾಪು, ತಾತು, ಪಾಪು:
ಸಾಸಿವೆಯಷ್ಟು ಬೆಳ್ಳಿಗೆ ಒಬ್ಬೊಬ್ಬ ಮನುಷ್ಯ.

ಊರಿಗೆ ಬಾಪು ಬೇಕಾಗಿದ್ದ.
"ಅಫಸರ ಅಂದಮ್ಯಾಲ ಬಾಪು ದೇಶಮುಖರೇ."
ಭಾಲ್ಕಿಯಲ್ಲಿ ಮೊಮ್ಮಗ ಕಡತ ಬಿಚ್ಚಿದ:
ಪೇಟ, ಕುದುರೆ, ಸನದು.
ನಡುವಿನಿಂದ ತಾನಾಗಿ ಜಾರಿತು ಒಂದು ರಸೀದಿ:
ಯುದ್ಧದ ವರ್ಷಗಳಷ್ಟೂ ಔರಂಗಾಬಾದಿನಲ್ಲಿ
ಜೋಳದ ಕೋಠಿಯ ಲೆಕ್ಕ, ಸಹಿ ಅವರದೇ.
ಮೊಮ್ಮಗ ಅದನ್ನು ಮಡಚಿ ಒಳಗಿಟ್ಟು ಚಹಾ ತರಿಸಿದ.
ನಾನೂ ಕುಡಿದೆ.

ಶಾಲೆಯ ದಾಖಲೆಯಲ್ಲಿ ಒಬ್ಬ ಬಾಬು ಯೋನಾ:
ಮಿಷನ್ ಬೋರ್ಡಿಂಗಿನ ಹುಡುಗ. ನಡತೆ: ಸಾಧಾರಣ.
ಹಾಲಿ ಸಿಕ್ಕಾ ಎರಡು ರೂಪಾಯಿ ಫೀ ಬಾಕಿ,
ಇವತ್ತಿಗೂ ಬಾಕಿ.

ಮಂಗಲಪೇಟೆಯಲ್ಲಿ ಅವನ ತಂಗಿ ದೊರ್ಕಮ್ಮ,
ಕಣ್ಣಿಲ್ಲ, ಕಿವಿ ಚುರುಕು.
"ಲೆಫ್ಟನಂಟೋ ಏನೋ, ನಮಗೇನ್ ತಿಳೀತದಪ.
ಬರಿಗಾಲಾಗ ಆಡ್ತಿದ್ದ. ಹೆಬ್ಬೆರಳಿಗೆ ಅವ್ವನ ಸೀರಿ ಚಿಂದಿ.
ರೈಲು ಹತ್ತಿದ ದಿನ ಅದೇ ಚಿಂದಿ ಇತ್ತು."
ಬೈಬಲ್ಲಿನ ನಡುವಿನಿಂದ ಕಾಗದ ತೆಗೆದಳು,
ಎಷ್ಟನೇ ಹಾಳೆ ಎಂದು ಬೆರಳಿಗೇ ಗೊತ್ತು.
ಊರು, ತಾರೀಕು, ಪಲ್ಟನು ಇದ್ದಲ್ಲೆಲ್ಲ
ಸರಕಾರದ ಬ್ಲೇಡು ಕೊರೆದ ಕಿಟಕಿ.

'ತಂಗಿ, ಇಲ್ಲಿ ಮಣ್ಣು ಹಸಿ, ಚೆಂಡು ಪುಟಿಯುವುದಿಲ್ಲ.
ಬೂಟು ಕೊಟ್ಟಿದ್ದಾರೆ, ಒಳಗಿನ ಕಾಲು ನನ್ನದಲ್ಲ.
ನನ್ನ ಮಾತು ಕೇಳಲು ಮೂವತ್ತು ಮಂದಿ,
ಎಲ್ಲರೂ ನನಗಿಂತ ದೊಡ್ಡವರು.
ಅವ್ವಗೆ ಓದಿ ಹೇಳಬೇಡ.
ಇಂತಿ, ನಾನು.'

ಮೂವತ್ತು ಮಂದಿ ಕೇಳುವುದು ಹವಾಲ್ದಾರನ ಮಾತನ್ನೂ.
ಸಿಕಂದರಾಬಾದಿನಿಂದ ಉತ್ತರ ಬಂತು:
ಆ ಹೆಸರಿನ ಅಧಿಕಾರಿ ಇಲ್ಲ,
ಹತ್ತಿರದ ಹೆಸರಿನವರು ಏಳು ಮಂದಿ,
ಮಲಾಯಾದಲ್ಲಿ ಕಾಣೆಯಾದವರು ಇಬ್ಬರು.

ಉಸ್ತಾದರಿಗೆ ಎಲ್ಲ ಹೇಳಿದೆ.
ಸೀಮೆಸುಣ್ಣದಿಂದ ನೆಲದ ಮೇಲೆ ಬರೆದರು
ಅವೇ ಹಲ್ಲು, ಅದೇ ಗೂಟ, ಅದೇ ಬಾಲ;
ಎರಡೂ ಹಲ್ಲಿನ ನೆತ್ತಿಗೆ ಒಂದೊಂದು ಚುಕ್ಕಿಯಿಟ್ಟು
ನನ್ನ ಮುಖ ನೋಡಿದರು.
"ಹಿಂಗ ಓದಿದ್ರ 'ನಾನು' ಅಂತನೂ ಆಗ್ತದಲ್ರಿ."

ಆಮೇಲೆ ಕೋಟೆಯ ಮಣ್ಣು ತೆಗೆದರು,
ಬಿಸಿಲು ಮಳೆ ಕಾಣದ ಮೂಲೆಯದು,
ನಾಲಿಗೆಯ ತುದಿಗಿಟ್ಟು, ಸರಿ ಎಂಬಂತೆ ತಲೆಯಾಡಿಸಿದರು.
ಉಗುರಿನ ಮೇಲೆ ಬೆಳ್ಳಿಯ ಕಾಳು.
"ಒಮ್ಮೆ ಕೂತ್ರ ಏಳಂಗಿಲ್ಲ ಮಾಸ್ತರ,
ಹೇಳ್ರಿ. ಮ್ಯಾಲೋ? ಕೆಳಗೋ?"

ಸೋಮವಾರ ಹೇಳುತ್ತೇನೆ ಅಂದೆ.
ಅದು ಹೋದ ವರ್ಷದ ಸೋಮವಾರ.
ಕಾಳು ಅವರ ಬೆಂಕಿಪೊಟ್ಟಣದಲ್ಲಿದೆ.
ದೊರ್ಕಮ್ಮ ಈಸ್ಟರಿಗೆ ಮುಂಚೆ ಹೋದಳು.
ಎರಡು ರೂಪಾಯಿ ಫೀ ನಾನೇ ಕಟ್ಟಿದೆ,
ರಸೀದಿ ಯಾರ ಹೆಸರಿಗೆ ಎಂದು ಗುಮಾಸ್ತ ಕೇಳಿದಾಗ
ಪೆನ್ನು ಬರೆಯುತ್ತಿಲ್ಲ ಅಂದುಬಿಟ್ಟೆ.